ಆಸ್ಟ್ರೇಲಿಯದಲ್ಲಿ ಸುಳಿ ನೋಡಿದ್ದು

ಆಸ್ಟ್ರೇಲಿಯಕ್ಕೆ ಯಾರು ಹೋಗಬೇಕು ಎಂಬ ಮಾತು ಬಂದ ದಿನ ಸಾವ್ಕಾರರ ಕಟ್ಟೆಯ ಮೇಲೆ ಇಂಗ್ಲಿಷ್ ಬಲ್ಲವರು ಮೂರು ಮಂದಿ ಕೂತಿದ್ದರು. ಕುದುರೆ ಬಲ್ಲವನು ನಾನೊಬ್ಬನೇ. ನಾನು ಕೆಳಗೆ ನಿಂತಿದ್ದೆ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು ಇದು. ವಿಜಾಪುರದ ನಮ್ಮ ಸಾವ್ಕಾರರದು ಮೂರು ತಲೆಮಾರಿನ ಕುದುರೆ ವ್ಯಾಪಾರ. ಟಾಂಗಾಕ್ಕೆ ಹೂಡುವ ತಟ್ಟುವಿನಿಂದ ಹಿಡಿದು ಸಂಸ್ಥಾನಿಕರು ಹತ್ತುವ ಕುದುರೆಯವರೆಗೆ ಅವರ ಲಾಯದಿಂದಲೇ ಹೋಗುತ್ತಿದ್ದವು. ಆ ವರ್ಷ ಒಂದು ಸಂಸ್ಥಾನದಿಂದ ಇಪ್ಪತ್ತು ಸವಾರಿ ಕುದುರೆ ಬೇಕೆಂದು ಕಾಗದ ಬಂತು. ಎತ್ತರದ, ಆಸ್ಟ್ರೇಲಿಯದ ತಳಿಯವೇ ಆಗಬೇಕು. ಯುದ್ಧಕ್ಕೆ ಮೊದಲು ಅಂಥವು ಹಡಗಿನಲ್ಲಿ ಮುಂಬಯಿಗೆ ಬಂದಿಳಿಯುತ್ತಿದ್ದವು. ನಾವು ಅಲ್ಲೇ ಹೋಗಿ ಆರಿಸಿ ತರುತ್ತಿದ್ದೆವು. ಈಗ ಅದು ನಿಂತಿತ್ತು. ಬೇಕಾದವರು ಅಲ್ಲಿಗೇ ಹೋಗಬೇಕಾಗಿತ್ತು. ಕಾಗದದ ಕೊನೆಗೆ ಒಂದು ಷರತ್ತಿತ್ತು: ಯಾವ ಕುದುರೆಗೂ ಕೆಟ್ಟ ಸುಳಿ ಇರಕೂಡದು.

ಕುದುರೆಯ ಮೈಮೇಲೆ ಕೂದಲು ತಿರುಗಿ ಸುತ್ತಿಕೊಳ್ಳುವ ಜಾಗಕ್ಕೆ ಸುಳಿ ಎನ್ನುತ್ತಾರೆ. ಗಂಟಲ ಮೇಲಿದ್ದರೆ ಯಜಮಾನನಿಗೆ ಭಾಗ್ಯ. ಕಣ್ಣಿನ ಕೆಳಗೆ, ನೀರು ಹರಿಯುವ ಜಾಗದಲ್ಲಿದ್ದರೆ ಅದು ಕಣ್ಣೀರ ಸುಳಿ. ಆ ಕುದುರೆ ಕಟ್ಟಿದ ಮನೆಯಲ್ಲಿ ಅಳು ತಪ್ಪದು. ಹೀಗೆ ಮೂವತ್ತಕ್ಕೂ ಮೇಲ್ಪಟ್ಟು ಸುಳಿಗಳನ್ನು ನನಗೆ ಕಲಿಸಿದವರು ಲಾಯದ ಮುದಿ ಕುದುರೆ ವೈದ್ಯರು. ನಾನು ಘೋಣಸಗಿಯವನು. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟು, ಟಿಕೋಟಾದ ಮೇಲೆ ಹಾಯ್ದು ನಡೆದು ವಿಜಾಪುರಕ್ಕೆ ಬಂದು, ಸಾವ್ಕಾರರ ಲಾಯದಲ್ಲಿ ಲದ್ದಿ ಬಳಿಯಲು ನಿಂತವನು. ಓದು ಎಂದರೆ ನನಗೆ ಅದೇ: ಕುದುರೆಯ ಹಲ್ಲು, ಕಾಲು, ಉಸಿರು, ಸುಳಿ. ಇಪ್ಪತ್ತು ವರ್ಷ ಓದಿದ್ದೆ. ಸುಳಿಯಲ್ಲಿ ನನ್ನ ಮಾತು ಮೀರಿ ಲಾಯಕ್ಕೆ ಒಂದು ಕುದುರೆಯೂ ಬರುತ್ತಿರಲಿಲ್ಲ. ಅದರ ಹಮ್ಮು ನನಗೆ ಚೆನ್ನಾಗಿಯೇ ಇತ್ತು.

"ಇಂವಗ ಸಹಿ ಬಿಟ್ರ ಬ್ಯಾರೆ ಬರಿಯಾಕ ಬರಂಗಿಲ್ಲ. ಹಡಗದಾಗ ಕಳದ್ರ ಯಾರ ಹುಡುಕ್ಯಾರ?" ಎಂದ ಕಟ್ಟೆಯ ಮೇಲಿದ್ದ ಮುನೀಮ.

ಸಾವ್ಕಾರರು ನನ್ನ ಕಡೆ ನೋಡಿದರು. "ಏನೋ, ತರ್ತೀಯೇನು ಇಪ್ಪತ್ತು?"

"ತರ್ತೇನ್ರಿ."

"ಒಂದ ಸುಳಿ ತಪ್ಪಿದ್ರ ಸಂಸ್ಥಾನದಾಗ ನನ್ನ ಮಾನ ಹೋಗ್ತೈತಿ. ನನ್ನ ಮಾನ ಹೋದ್ರ ಈ ಲಾಯದಾಗ ನಿನಗ ಜಾಗಾ ಇಲ್ಲ. ತಿಳೀತಿಲ್ಲೋ?"

"ತಿಳೀತ್ರಿ," ಎಂದೆ. ತಿಳಿಯದೆ ಏನು, ಇಪ್ಪತ್ತು ವರ್ಷದ ಅನ್ನ ಅದು.

ಇಂಗ್ಲಿಷ್ ಮಾತಿಗೆಂದು ನನ್ನ ಜೊತೆಗೆ ಒಬ್ಬ ಬಬಲೇಶ್ವರದವನನ್ನು ಕಳಿಸಿದರು. ಬಿ.ಎ. ಮಾಡಿ ಮುಂಬಯಿಯ ಒಂದು ಕಚೇರಿಯಲ್ಲಿ ಕಾರಕೂನನಾಗಿದ್ದವನು. ನನ್ನ ಹೆಂಡತಿಯ ತವರು ಬಬಲೇಶ್ವರ. ಹಾಗಾಗಿ ಊರ ಲೆಕ್ಕದಲ್ಲಿ ನಾನು ಅವನಿಗೆ ಮಾಮ, ಅವನು ನನಗೆ ಮೈದುನ. ಆ ಸಂಬಂಧದಲ್ಲಿ ಹೇಗೂ ಮರ್ಯಾದೆ ಕಡಿಮೆ. ಮುಂಬಯಿ ಬಂದರದಲ್ಲಿ ಮೊದಲ ಸಲ ನನ್ನನ್ನು ಕಂಡವನೇ, ನನ್ನ ತಲೆಯ ಪಟಕಾದಿಂದ ಕಾಲಿನ ಜೋಡಿನವರೆಗೆ ನೋಡಿ, "ನಮ್ಮ ಅಕ್ಕಗ ಇಂಥಾಂವನ್ನ ಎಲ್ಲಿಂದ ಹುಡುಕಿ ತಂದ್ರೋ ಮಾಮಾ?" ಎಂದ.

"ನಿನ್ನಂಥಾವರ ಬ್ಯಾಡಂದಳಂತ, ಅದಕ್ಕ," ಎಂದೆ. ಅಲ್ಲಿಂದ ನಮ್ಮ ಸ್ನೇಹ. ಅವನನ್ನು ನಾನು ಬಿ.ಎ. ಎಂದೇ ಕರೆಯುತ್ತಿದ್ದೆ.

ಹಡಗಿನ ದಿನಗಳ ಬಗ್ಗೆ ಹೆಚ್ಚು ಹೇಳಲಾರೆ. ನೀರು ಇಷ್ಟಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕೊಲಂಬೊ ಬಿಟ್ಟ ಮೇಲೆ ಒಂದು ವಾರಕ್ಕೂ ಹೆಚ್ಚು ದಿನ ನಾಲ್ಕೂ ದಿಕ್ಕಿಗೆ ಅದೇ. ಬೆಳಗಾದರೆ ಹಡಗಿನ ಅಂಚಿನ ಕಟಾಂಜನ ಹಿಡಿದು ನಿಂತು ನೋಡುತ್ತಿದ್ದೆ. ನಮ್ಮ ಸೀಮೆಯಲ್ಲಿ ಒಂದು ಬಾವಿಗೆ ಎಷ್ಟು ಆಳ ನೀರು ಬಂತೆಂದು ಹತ್ತು ಊರಿಗೆ ಸುದ್ದಿಯಾಗುತ್ತದೆ. ಇಲ್ಲಿ ಇದನ್ನು ಯಾರಿಗೆ ಹೇಳುವುದು, ಹೇಗೆ ಹೇಳುವುದು? ಬಿ.ಎ. ಹೊಟ್ಟೆ ತೊಳಸಿ ಮಲಗಿರುತ್ತಿದ್ದ. ನಾನು ಕಟ್ಟಿ ತಂದಿದ್ದ ಕಟಕು ರೊಟ್ಟಿ, ಖಾರದ ಶೇಂಗಾ ಹಿಂಡಿ ತಿಂದು ಗಟ್ಟಿಯಾಗಿದ್ದೆ.

ಮೆಲ್ಬೋರ್ನ್ ಪಟ್ಟಣದಲ್ಲಿ ಇಳಿದು ಒಂದು ದಿನ ಪೂರ್ತಿ ರೈಲಿನಲ್ಲಿ ಕೂತು, ಕೊನೆಗೆ ಒಂದು ಸಣ್ಣ ಸ್ಟೇಶನ್‌ನಲ್ಲಿ ಇಳಿದೆವು. ಸ್ಟೇಶನ್ ಎಂದರೆ ಒಂದು ತಗಡಿನ ಕೋಣೆ, ಒಂದು ನೀರಿನ ಟಾಕಿ. ಅಲ್ಲಿ ಒಬ್ಬ ಮುದುಕ ಲಾರಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅಂಚು ಹರಿದ ಟೊಪ್ಪಿಗೆ, ಮೊಣಕೈಗೆ ತೇಪೆ ಹಾಕಿದ ಅಂಗಿ. ನಮ್ಮನ್ನು ಕಂಡು ಬಂದು ನನ್ನ ಟ್ರಂಕನ್ನು ಎತ್ತಿ ಲಾರಿಗೆ ಹಾಕಿದ. ಹಾಸಿಗೆ ಸುರುಳಿಯನ್ನೂ ಅವನ ಕೈಗೇ ಕೊಟ್ಟೆ.

"ಸಾವ್ಕಾರ ಮನ್ಯಾಗ ಅದಾರೇನು, ಎಲ್ಲೆರ ಹೋಗ್ಯಾರೇನು, ಕೇಳು," ಎಂದೆ ಬಿ.ಎ.ಗೆ.

ಬಿ.ಎ. ಆ ಮುದುಕನ ಜೊತೆ ನಾಲ್ಕು ಮಾತಾಡಿ ನನ್ನ ಕಡೆ ತಿರುಗಿದ. ಅವನ ಮುಖ ಕೆಂಪಾಗಿತ್ತು. "ಮಾಮಾ, ನೀ ಹಾಸಿಗಿ ಹೊರಿಸಿದಿ ನೋಡು, ಇಂವನ ಸಾವ್ಕಾರ."

ನಾನು ಲಾರಿಯ ಹಿಂದೆ ಓಡಿ ಹಾಸಿಗೆಯನ್ನು ಇಳಿಸಿಕೊಳ್ಳಲು ಹೋದೆ. ಮುದುಕ ಬೇಡವೆಂದು ಕೈ ಆಡಿಸಿ ಲಾರಿ ಹತ್ತಿದ. ಒಂದು ತಾಲೂಕಿನಷ್ಟು ನೆಲದ ಒಡೆಯ ಆತ. ದಾರಿಯುದ್ದಕ್ಕೂ ತಾನೇ ಇಳಿದು ಗೇಟು ತೆರೆದು, ಲಾರಿ ದಾಟಿಸಿ, ಮತ್ತೆ ಇಳಿದು ಗೇಟು ಹಾಕುತ್ತಿದ್ದ. ಮನೆಗೆ ಮುಟ್ಟಿದ ಮೇಲೆ ತಾನೇ ಚಹಾ ಮಾಡಿದ. ಹೆಂಡತಿ ಮಗಳ ಮನೆಗೆ ಹೋಗಿದ್ದಳಂತೆ. ನಾನು ಮಾಂಸ ತಿನ್ನುವುದಿಲ್ಲವೆಂದು ಬಿ.ಎ. ಹೇಳಿದಾಗ ಬಹಳ ಹೊತ್ತು ಯೋಚಿಸಿ ಬಟಾಟೆ ಕುದಿಸಿ ಕೊಟ್ಟ. ಅದಕ್ಕೆ ನಾನು ಶೇಂಗಾ ಹಿಂಡಿ ಉದುರಿಸಿಕೊಂಡೆ. ಅವನೂ ಕೇಳಿ ಇಸಿದುಕೊಂಡು ತಿಂದ, ಕಣ್ಣಲ್ಲಿ ನೀರು ಬಂದರೂ ಬಿಡದೆ ತಿಂದ. ನಮ್ಮ ಸಾವ್ಕಾರರ ಅಂಗಳದಲ್ಲಿ ಇಪ್ಪತ್ತು ವರ್ಷ ದುಡಿದ ನಾನು ಅವರ ಎದುರಿಗೆ ಒಂದು ದಿನವೂ ಕೂತು ಉಂಡವನಲ್ಲ.

ಆ ನೆಲವನ್ನು ಹೇಗೆ ಹೇಳಲಿ! ಮರುದಿನ ಬೆಳಿಗ್ಗೆ ಎದ್ದು ಹೊರಗೆ ಬಂದು ಬಗ್ಗಿ ಮಣ್ಣು ಹಿಡಿದೆ. ನಮ್ಮ ಡೋಣಿ ಹೊಳೆಯ ದಂಡೆಯ ಎರೆಮಣ್ಣೇ. ಅದೇ ಬಣ್ಣ, ಅದೇ ಬಿರುಕು. ಆದರೆ ನಮ್ಮಲ್ಲಿ ಆ ಎರೆಯ ಮೇಲೆ ಕಣ್ಣು ಹಾಯಿಸಿದರೆ ಒಂದು ಊರು, ಒಂದು ಗುಡಿ, ಒಂದು ದರ್ಗಾ, ಒಬ್ಬ ಮನುಷ್ಯನಾದರೂ ಕಾಣುತ್ತಾನೆ. ಅಲ್ಲಿ ಏನೂ ಇಲ್ಲ. ಆಕಾಶ ಕೆಳಗೆ ಬಂದು ಮುಟ್ಟುವವರೆಗೆ ನೆಲ, ಆಮೇಲೆ ಬರೀ ಆಕಾಶ. ದೂರದಲ್ಲಿ ತಗಡಿನ ರೆಕ್ಕೆಗಳ ಒಂದು ಗಾಳಿಯಂತ್ರ ತಿರುಗುತ್ತಿತ್ತು. ಹತ್ತಿರ ಹೋದರೆ ನೆಲದೊಳಗಿನಿಂದ ನೀರು ಎತ್ತಿ ತೊಟ್ಟಿಗೆ ಸುರಿಯುತ್ತಿತ್ತು. ಎತ್ತಿಲ್ಲ, ನೀರು ಸೇದುವ ತೊಗಲ ಮಟ್ಟಿ ಇಲ್ಲ, ಮಿಣಿ ಹಗ್ಗ ಇಲ್ಲ. ಯಾರೂ ನೋಡದಿದ್ದರೂ ಅದು ತನ್ನ ಪಾಡಿಗೆ ಹಗಲೂ ರಾತ್ರಿ ಎತ್ತುತ್ತದಂತೆ. ನಾನು ಅದರ ಕೆಳಗೆ ನಿಂತು ಬೊಗಸೆ ಒಡ್ಡಿದೆ. ಅಷ್ಟರಲ್ಲಿ ಮುದುಕನ ಒಂದು ನಾಯಿ, ಒಂದೇ ನಾಯಿ, ಸಾವಿರದಷ್ಟು ಕುರಿಗಳನ್ನು ಬೊಗಳದೆ ಕಚ್ಚದೆ ಬರೀ ಕಣ್ಣಲ್ಲಿ ನೋಡುತ್ತ ಒಂದು ಬೇಲಿಯಿಂದ ಇನ್ನೊಂದು ಬೇಲಿಗೆ ದಾಟಿಸಿತು. ಬೊಗಸೆಯ ನೀರು ಸೋರಿಹೋದದ್ದು ನನಗೆ ತಿಳಿಯಲಿಲ್ಲ.

ಹೊತ್ತು ಏರಿದ ಮೇಲೆ ಕುದುರೆಗಳು ಬಂದವು. ಮೊದಲು ಧೂಳು ಕಂಡಿತು. ಆಮೇಲೆ ಕಾಲಡಿಯ ನೆಲ ನಡುಗಿತು. ಅರವತ್ತು ಕುದುರೆಗಳು ಒಟ್ಟಿಗೆ, ಹಗ್ಗವಿಲ್ಲದೆ, ಲಗಾಮಿಲ್ಲದೆ ಓಡಿ ಬಂದು ಮರದ ಕಂಬಗಳ ದೊಡ್ಡ ದೊಡ್ಡಿಯೊಳಗೆ ತಿರುಗಿ ನಿಂತವು. ಲಾಯದಲ್ಲಿ ಕಟ್ಟಿದ ಕುದುರೆಗಳನ್ನೇ ಕುದುರೆ ಎಂದು ತಿಳಿದವನು ನಾನು. ಕುದುರೆ ಎಂದರೆ ಇದು ಎಂದು ಅವತ್ತು ಗೊತ್ತಾಯಿತು. ಆದರೂ ಬಂದ ಕೆಲಸ ಕೆಲಸ. ಧೋತರ ಎತ್ತಿ ಕಟ್ಟಿ ಒಳಗಿಳಿದೆ.

ಒಂದೊಂದನ್ನೇ ಹಿಡಿಸಿ ನೋಡತೊಡಗಿದೆ. ಮುದುಕ ಬೇಲಿಯ ಮೇಲೆ ಕೂತು ಪೈಪು ಸೇದುತ್ತ ನೋಡುತ್ತಿದ್ದ. ಮೊದಲನೆಯದಕ್ಕೆ ತೊಡೆಯ ಮೇಲೆ ಕೆಟ್ಟ ಸುಳಿ. ಬೇಡ. ಎರಡನೆಯದಕ್ಕೆ ಹಣೆಯ ಮೇಲೆ ಮೇಲೊಂದು ಕೆಳಗೊಂದು. ಬೇಡ. ಹೀಗೆ ಮೂವತ್ತು ನೋಡಿ ಇಪ್ಪತ್ತೆರಡಕ್ಕೆ ಬೇಡವೆಂದೆ. ಕಾಲು ಮುಟ್ಟಿಯೂ ನೋಡಲಿಲ್ಲ; ಸುಳಿ ತಪ್ಪಿದ ಮೇಲೆ ಕಾಲು ನೋಡುವುದೇಕೆ? ಮುದುಕನ ಪೈಪು ಆರಿತ್ತು.

ದೊಡ್ಡಿಯ ಆಚೆ ಗೇಟಿಗೆ ಒಂದು ಹೆಣ್ಣುಕುದುರೆ ಕಟ್ಟಿತ್ತು, ಕಂದು ಬಣ್ಣದ್ದು. ಅದರ ನಿಲುವು ನೋಡಿ ನಾನು ಉಳಿದವನ್ನೆಲ್ಲ ಬಿಟ್ಟು ಅದರ ಹತ್ತಿರ ಹೋದೆ. ಕುತ್ತಿಗೆ, ಭುಜ, ಬೆನ್ನು, ಯಾವುದಕ್ಕೂ ಹೆಸರಿಡುವಂತಿರಲಿಲ್ಲ. ಬಾಯಿ ತೆರೆದು ಹಲ್ಲು ನೋಡಿದೆ. ಆಮೇಲೆ ಮುಖ ತಿರುಗಿಸಿದರೆ ಎಡಗಣ್ಣಿನ ಕೆಳಗೆ ಸುಳಿ. ಸ್ವಚ್ಛ ಕಣ್ಣೀರ ಸುಳಿ. ಕೈ ಹಿಂದೆ ತೆಗೆದುಕೊಂಡೆ.

"ಏನಂತಿ?" ಎಂದ ಬಿ.ಎ.

"ಇದನ್ನ ಮನ್ಯಾಗ ಕಟ್ಟಬಾರದು ಅಂತ ಹೇಳು. ಕಟ್ಟಿದವರು ಅಳ್ತಾರ. ಬರೇ ನಮಗ ಬ್ಯಾಡ ಅಂತಲ್ಲ, ಅಂವ ಸುದ್ದಾ ಇಟ್ಕೋಬಾರದು."

"ಮಾಮಾ, ಅದನ್ನ ಹೇಳಬೇಕೇನು?"

"ಹೇಳು. ಒಳ್ಳೆದಕ್ಕ ಹೇಳಾಕತ್ತೇನಿ."

ಬಿ.ಎ. ಹೇಳಿದ. ಮುದುಕ ಬೇಲಿಯಿಂದ ಇಳಿದ. ಬಿ.ಎ.ಗೆ ಎರಡೇ ಮಾತು ಹೇಳಿದ. ಹೋಗಿ ದೊಡ್ಡಿಯ ಬಾಗಿಲು ತೆರೆದ. ಅರವತ್ತು ಕುದುರೆಗಳೂ ನಾನು ಆರಿಸಿದ ಎಂಟರ ಸಮೇತ ಬಂದ ದಾರಿಯಲ್ಲೇ ಧೂಳೆಬ್ಬಿಸಿ ಹೋದವು.

"ವ್ಯಾಪಾರ ಮುಗೀತಂತ," ಎಂದ ಬಿ.ಎ. "ಕೂದಲ ನೋಡಿ ಕುದುರಿ ಕೊಳ್ಳಾಂವಗ ಅಂವ ಒಂದು ಬಾಲಾನೂ ಮಾರಂಗಿಲ್ಲಂತ."

ಹಡಗು ಹೊರಡಲು ಒಂಬತ್ತು ದಿನ ಉಳಿದಿತ್ತು. ಇನ್ನೊಂದು ಕಡೆ ಹೋಗಿ ಹುಡುಕಲು ಹೊತ್ತಿಲ್ಲ. ಸಂಜೆ ಪಡಸಾಲೆಯಲ್ಲಿ ಕೂತು ನಾವಿಬ್ಬರೂ ಜಗಳಾಡಿದೆವು.

"ಸಂಸ್ಥಾನದ ಷರತ್ತೈತಿ, ನಾ ಏನ್ ಮಾಡ್ಲಿ?" ಎಂದೆ.

"ಷರತ್ತು ಇಪ್ಪತ್ತು ಕುದುರಿಗೆ ಐತಿ. ಗೇಟಿಗೆ ಕಟ್ಟಿದ ಕುದುರಿ ಹತ್ರ ಯಾಕ ಹೋದಿ? ಅಂವನ ಮನಿತನಕ ಬಂದು, ಅಂವನ ಬಟಾಟಿ ತಿಂದು, ನೀ ಅಳ್ತಿ ಅಂತ ಹೇಳ್ತಿ! ನಮ್ಮ ಅಕ್ಕ ನಿನ್ನ ಹೆಂಗ ತಾಳ್ಯಾಳೋ."

"ಸುಳಿ ಇದ್ದದ್ದು ಇಲ್ಲ ಅನ್ನಲೇನು? ನಿನಗ ಪುಸ್ತಕ ಹೆಂಗೋ ನನಗ ಅದು ಹಂಗ."

"ಪುಸ್ತಕದಾಗ ತಪ್ಪ ಇದ್ರ ನಾವು ತಿದ್ದತೇವಿ, ಮಾಮಾ," ಎಂದು ಅವನು ಎದ್ದು ಹೋದ.

ಮುದುಕ ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಬಿ.ಎ.ಯನ್ನು ಕರೆದು ಒಂದು ಮಾತು ಹೇಳಿದ. ನಾಳೆ ನಾನು ದಕ್ಷಿಣದ ಬೇಲಿ ನೋಡಲು ಹೋಗುವವನಿದ್ದೇನೆ. ನಿಮ್ಮ ಮನುಷ್ಯ ಆ ಹೆಣ್ಣುಕುದುರೆಯ ಮೇಲೆ ನನ್ನ ಜೊತೆಗೆ ಬರಲಿ. ಒಂದು ದಿನ ಅದನ್ನು ಹತ್ತಿದ ಮೇಲೂ ಇದೇ ಮಾತು ಹೇಳಿದರೆ ನಾನೇ ಸ್ಟೇಶನ್‌ಗೆ ಬಿಟ್ಟು ಬರುತ್ತೇನೆ. ಹೇಳದಿದ್ದರೆ ಕುದುರೆಗಳನ್ನು ಮತ್ತೆ ದೊಡ್ಡಿಗೆ ತರಿಸುತ್ತೇನೆ.

ಕೆಟ್ಟ ಸುಳಿಯ ಕುದುರೆಯನ್ನು ನಾನು ಜನ್ಮದಲ್ಲಿ ಹತ್ತಿದವನಲ್ಲ. ಹತ್ತುವುದಿಲ್ಲ ಎಂದರೆ ಹೆದರಿದ ಎಂದಾಗುತ್ತದೆ. "ಬರ್ತೇನಿ ಅಂತ ಹೇಳು," ಎಂದೆ.

ಬೆಳಗಾಗುತ್ತಲೇ ಇಬ್ಬರೂ ಹೊರಟೆವು. ಬಿ.ಎ.ಗೆ ಕುದುರೆ ಹತ್ತಲು ಬರುವುದಿಲ್ಲ, ಅವನು ಮನೆಯಲ್ಲೇ ಉಳಿದ. ನನಗೂ ಮುದುಕನಿಗೂ ನಡುವೆ ಒಂದು ಭಾಷೆಯೂ ಇಲ್ಲ. ಅವನು ಕೈ ತೋರಿಸುತ್ತಿದ್ದ, ನಾನು ತಲೆಯಾಡಿಸುತ್ತಿದ್ದೆ. ಆ ಕುದುರೆಯ ನಡಿಗೆಯನ್ನು ಏನೆಂದು ಹೇಳಲಿ? ತುಂಬಿದ ಕೊಡ ಹಿಡಿದು ಕೂತರೂ ತುಳುಕುತ್ತಿರಲಿಲ್ಲ. ಬಿಟ್ಟರೆ ಓಡುತ್ತಿತ್ತು, ತೊಡೆ ಬಿಗಿದರೆ ನಿಲ್ಲುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಏನು ಕೇಳುತ್ತೇನೆಂದು ನನ್ನ ಹೆಂಡತಿಗೆ ತಿಳಿಯುತ್ತದಲ್ಲ, ಹಾಗೆ ತಿಳಿಯುತ್ತಿತ್ತು ಅದಕ್ಕೆ. ನನಗೆ ಸುಖವಾಗುತ್ತಿತ್ತು, ಸುಖವಾಗುತ್ತಿದೆಯಲ್ಲ ಎಂದು ಸಿಟ್ಟೂ ಬರುತ್ತಿತ್ತು. ಕಣ್ಣೀರ ಸುಳಿಯ ಕುದುರೆ ಮೊದಲು ಹೀಗೆಯೇ ಮರುಳು ಮಾಡುತ್ತದೆ ಎಂದು ವೈದ್ಯರು ಹೇಳಿದ್ದರು.

ಆಳೆತ್ತರದ ಪ್ರಾಣಿಗಳು ಹಿಂಗಾಲ ಮೇಲೆ ಕುಪ್ಪಳಿಸುತ್ತ ನಮ್ಮ ಮುಂದೆ ದಾಟಿದವು, ಒಂದರ ಹೊಟ್ಟೆಯ ಚೀಲದಿಂದ ಮರಿ ತಲೆ ಹಾಕಿ ನೋಡುತ್ತಿತ್ತು. ಬಿಳಿ ಗಿಳಿಗಳ ಹಿಂಡು ಒಂದು ಒಣ ಮರದ ಮೇಲೆ ಇಳಿಯಿತು. ಮರದ ತುಂಬ ಹತ್ತಿಕಾಯಿ ಒಡೆದಂತಾಯಿತು. ನಾನು "ಶಿವ ಶಿವಾ" ಎಂದೆ. ಮುದುಕನಿಗೆ ಆ ಮಾತು ಹೇಗೋ ತಿಳಿಯಿತು, ನಕ್ಕ.

ಮಧ್ಯಾಹ್ನದ ಹೊತ್ತಿಗೆ ಬೇಲಿ ಮುಟ್ಟಿದೆವು. ತಂತಿ ಹರಿದಿತ್ತು. ಮುದುಕ ಇಳಿದು ಬಿಗಿಯತೊಡಗಿದ. ನಾನೂ ಇಳಿದು ಕೈ ಹಚ್ಚಹೋದೆ. ಅವನು ಬೇಡವೆಂದು, ನೆರಳಿಲ್ಲದ್ದನ್ನು ತೋರಿಸಿ, ನೀನು ಮನೆಗೆ ಹೋಗು, ನಾನು ಹಿಂದಿನಿಂದ ಬರುತ್ತೇನೆ ಎಂದು ಸನ್ನೆ ಮಾಡಿದ. ಆಮೇಲೆ ಕುದುರೆಯ ಕುತ್ತಿಗೆ ತಟ್ಟಿ ತೋರಿಸಿ ಏನೋ ಹೇಳಿದ. ದಾರಿ ಅದಕ್ಕೆ ಗೊತ್ತು ಎಂದು ಹೇಳಿದ್ದಿರಬೇಕು. ನನಗೆ ದಾರಿ ಹೇಳಲು ಕುದುರೆ ಬೇಕೇ? ಎದೆ ಮುಟ್ಟಿಕೊಂಡು ನನಗೇ ಗೊತ್ತಿದೆ ಎಂದು ತೋರಿಸಿದೆ.

ಗೊತ್ತಿತ್ತು ಕೂಡ. ಬೆಳಿಗ್ಗೆ ನಾವು ದಕ್ಷಿಣಕ್ಕೆ ಬಂದಿದ್ದೆವು, ಮನೆ ಉತ್ತರಕ್ಕಿತ್ತು. ಮಧ್ಯಾಹ್ನದ ಬಿಸಿಲು ಬೆನ್ನಿಗೆ ಬಿದ್ದರೆ ಮುಖ ಉತ್ತರಕ್ಕೆ. ಹೋಳಿ ಹುಣ್ಣಿಮೆಯ ಆಸುಪಾಸಿನ ದಿನಗಳವು. ಆ ಹೊತ್ತಿನಲ್ಲಿ ಟಿಕೋಟಾದಿಂದ ವಿಜಾಪುರದವರೆಗೆ ಯಾವ ದನಗಾಹಿಯನ್ನು ಕೇಳಿದರೂ ಇದನ್ನೇ ಹೇಳುತ್ತಾನೆ. ಬೇಲಿಯ ಗುಂಟ ಸ್ವಲ್ಪ ದೂರ ಹೋಗಿ, ಬರುವಾಗ ಹಾಯ್ದದ್ದೇ ಇದು ಎಂದುಕೊಂಡು ಒಂದು ತೆರೆದ ಗೇಟು ದಾಟಿ, ಬಿಸಿಲಿಗೆ ಬೆನ್ನು ಮಾಡಿ ಕುದುರೆಯನ್ನು ತಿರುಗಿಸಿದೆ.

ಕುದುರೆ ಒಪ್ಪಲಿಲ್ಲ. ಲಗಾಮು ಕಚ್ಚಿ ತಲೆಯನ್ನು ಹಿಂದಕ್ಕೆ ಎಳೆಯಿತು. ಎಳೆದು ಮತ್ತೆ ತಿರುಗಿಸಿದೆ. ನಾಲ್ಕು ಹೆಜ್ಜೆ ಹೋಗಿ ಮತ್ತೆ ಹಿಂದಕ್ಕೆ. ಬೆಳಗಿನಿಂದ ಒಂದು ಸಲವೂ ಹಟ ಮಾಡದ ಕುದುರೆ ಈಗ ಮಾಡುತ್ತಿದೆ. ಸುಳಿ ಬಾಯಿ ತೆರೆಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಯಿತು. ನನ್ನ ಮಾತು ಸುಳ್ಳಾಗಲಿಲ್ಲವಲ್ಲ! ಹಿಮ್ಮಡಿಯಿಂದ ತಿವಿದು ಓಡಿಸಿದೆ. ಪಾಪ, ಓಡಿತು.

ಎಷ್ಟು ಹೊತ್ತು ಹೋದೆನೋ. ಗಾಳಿಯಂತ್ರ ಕಾಣಬೇಕಾಗಿತ್ತು, ಕಾಣಲಿಲ್ಲ. ಬೆಳಿಗ್ಗೆ ಗಿಳಿ ಕೂತ ಮರ ಸಿಗಬೇಕಾಗಿತ್ತು, ಸಿಗಲಿಲ್ಲ. ಜೀನಿಗೆ ಕಟ್ಟಿದ್ದ ಚರ್ಮದ ಚೀಲದ ನೀರು ಮುಗಿಯಿತು. ಇನ್ನೇನು ಬಂತು, ಇನ್ನೇನು ಬಂತು ಎಂದು ಹೋದೆ. ಎಷ್ಟೋ ಹೊತ್ತಿನ ಮೇಲೆ ಬಲಗಡೆಯ ಕೆನ್ನೆ ಸುಡುತ್ತಿದೆ ಎನ್ನಿಸಿತು. ತಿರುಗಿ ನೋಡಿದೆ. ಸೂರ್ಯ ನನ್ನ ಬಲಕ್ಕೆ ಇಳಿಯುತ್ತಿದ್ದ.

ಉತ್ತರಕ್ಕೆ ಮುಖ ಮಾಡಿದವನಿಗೆ ಪಡುವಣ ಎಡಕ್ಕಿರಬೇಕು. ಬಲಕ್ಕೆ ಹೇಗೆ ಮುಳುಗುತ್ತಾನೆ? ನಾನು ಲಗಾಮು ಜಗ್ಗಿ ನಿಂತೆ. ಅಷ್ಟು ಹೆದರಿಕೆ ನನಗೆ ನಡುಸಮುದ್ರದಲ್ಲೂ ಆಗಿರಲಿಲ್ಲ. ಬಹಳ ಹೊತ್ತು ಹಾಗೇ ಕೂತು, ಕೈಬೆರಳಿನಿಂದ ದಿಕ್ಕು ಎಣಿಸಿ, ಕೊನೆಗೆ ತಿಳಿದುಕೊಂಡೆ: ಈ ದೇಶದಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾಯ್ದು ಹೋಗುತ್ತಾನೆ. ಮಧ್ಯಾಹ್ನದ ಬಿಸಿಲು ಬೆನ್ನಿಗೆ ಬಿದ್ದರೆ ಇಲ್ಲಿ ಮುಖ ದಕ್ಷಿಣಕ್ಕೆ. ನಾನು ಇಷ್ಟೂ ಹೊತ್ತು ಮನೆಗೆ ಬೆನ್ನು ಮಾಡಿ ಓಡಿದ್ದೆ. ನಾನು ಹುಟ್ಟಿದಂದಿನಿಂದ ತಲೆಯ ಮೇಲೆ ಕಂಡದ್ದು, ನಮ್ಮಪ್ಪ, ಅವರಪ್ಪ ಕಂಡದ್ದು, ಅದೂ ನಮ್ಮ ನೆಲದ ಮಟ್ಟಿಗಿನ ಮಾತಾಗಿತ್ತು. ಸೂರ್ಯನ ಮಾತೇ ಹೀಗಿದ್ದರೆ ಕುದುರೆಯ ಕಣ್ಣಿನ ಕೆಳಗಿನ ನಾಲ್ಕು ಕೂದಲ ಮಾತು ಎಷ್ಟರದು?

ಕೆಳಗಿಳಿದೆ. ಕುದುರೆ ಬೆವತು ನಿಂತಿತ್ತು. ನನ್ನ ಹಿಮ್ಮಡಿ ತಿವಿದ ಜಾಗದಲ್ಲಿ ಕೂದಲು ಕೆದರಿತ್ತು. ಓಡಿಹೋಗಲು ಅದಕ್ಕೆ ಅಡ್ಡಿಯೇನಿತ್ತು? ಹೋಗಲಿಲ್ಲ. ಬಗ್ಗಿ ನನ್ನ ಅಂಗೈಯ ಉಪ್ಪು ನೆಕ್ಕಿತು. ಆ ಸುಳಿಯನ್ನು ಹತ್ತಿರದಿಂದ ನೋಡಿದೆ. ಅದರ ಮೇಲೆ ಧೂಳು ಕೂತಿತ್ತು, ಅಷ್ಟೇ. ಪಟಕಾದ ಸೆರಗಿನಿಂದ ಒರೆಸಿದೆ. ಮತ್ತೆ ಹತ್ತಿ ಲಗಾಮನ್ನು ಅದರ ಕುತ್ತಿಗೆಯ ಮೇಲೆ ಸಡಿಲು ಬಿಟ್ಟೆ. "ನಡಿಯವಾ," ಎಂದೆ.

ಅದು ಪೂರ್ತಿ ತಿರುಗಿತು. ಒಂದು ಗುಕ್ಕು ಉಸಿರು ಬಿಟ್ಟು ನಡೆಯಿತು, ಆಮೇಲೆ ಓಡಿತು. ಆಕಾಶ ಕೆಂಪಾಗಿ, ನೆಲವೆಲ್ಲ ಕೆಂಪಾಗಿ, ನಾನು ಯಾವ ಕಡೆಗೂ ಎಳೆಯದೆ, ಏನೂ ಕೇಳದೆ, ಹಸುಗೂಸಿನಂತೆ ಅದರ ಮೇಲೆ ಕೂತಿದ್ದೆ. ಅಷ್ಟು ದೊಡ್ಡ ನೆಲದಲ್ಲಿ ನಾನು ಎಷ್ಟು ಸಣ್ಣವನು ಎಂದು ನನಗೆ ತಿಳಿದದ್ದು ಆಗ. ಅದು ನೋವಾಗಲಿಲ್ಲ, ಹಗುರವಾಯಿತು. ಕಪ್ಪು ಕವಿದು ಬಹಳ ಹೊತ್ತಾದ ಮೇಲೆ ಗಾಳಿಯಂತ್ರದ ಕಿರ್‌ ಕಿರ್‌ ಕೇಳಿಸಿತು.

ಮುದುಕ ಲಾರಿಯ ದೀಪ ಹಚ್ಚಿ ಮತ್ತೆ ಹುಡುಕಲು ಹೊರಡುತ್ತಿದ್ದ. ನನ್ನನ್ನು ನೋಡಲಿಲ್ಲ, ಮೊದಲು ಕುದುರೆಯ ನಾಲ್ಕೂ ಕಾಲು ಮುಟ್ಟಿ ನೋಡಿದ. ನಿಜವಾದ ಕುದುರೆ ಮನುಷ್ಯ. ಬಿ.ಎ. ಓಡಿ ಬಂದು, "ಅಕ್ಕಗ ಏನ್ ಕಾಗದ ಬರೀಲಿ ಅಂತ ಕೂತಿದ್ನಿ ಮಾಮಾ!" ಎಂದು ಬೈಯತೊಡಗಿದ.

"ಬೈಯೂದು ಆಮ್ಯಾಲ. ಮೊದಲ ನಾ ತಪ್ಪಿದ್ನಿ ಅಂತ ಇಂವಗ ಹೇಳು."

"ಏನು? ಇನ್ನೊಮ್ಮೆ ಅನ್ನು."

"ಕಿವಿ ಕೇಳಂಗಿಲ್ಲೇನೋ? ತಪ್ಪಿದ್ನಿ ಅಂತ ಹೇಳು. ಮತ್ತ ಈ ಕುದುರಿ ನನಗ ಕೊಡ್ತಾನೇನು ಕೇಳು. ಸಂಸ್ಥಾನಕ್ಕಲ್ಲ, ನನಗ."

ಬಿ.ಎ. ಹೇಳಿದ. ಮುದುಕ ಜೋರಾಗಿ ನಕ್ಕು ಏನೋ ಹೇಳುತ್ತ ಕುದುರೆಯ ಜೀನು ಬಿಚ್ಚಿದ.

"ಇದು ಮಾರಾಕ ಇರಲೇ ಇಲ್ಲಂತ," ಎಂದ ಬಿ.ಎ. "ಅಂವನ ಸ್ವಂತ ಸವಾರಿದಂತ. ನಿನ್ನಿ ನೀ ಹೋಗಿ ಹಲ್ಲ ನೋಡಿದಾಗ, ಕೇಳಲಾರದ ನನ್ನ ಹೆಂಡತಿ ಬಾಯಿ ತೆರೆದು ನೋಡ್ದಂಗ ಆತು ಅಂತಾನ."

ಮರುದಿನ ಕುದುರೆಗಳು ಮತ್ತೆ ದೊಡ್ಡಿಗೆ ಬಂದವು. ನಾನು ಮುದುಕನಿಗೆ ಇದ್ದದ್ದನ್ನು ಇದ್ದಂತೆ ಹೇಳಿಸಿದೆ. ಸುಳಿ ನೋಡುವುದು ನನ್ನ ಹಟವಲ್ಲ ಇನ್ನು, ಕೊಳ್ಳುವವರ ಷರತ್ತು. ಅವರಿಗೆ ಸುಳಿ ಶುದ್ಧವಿದ್ದದ್ದೇ ಬೇಕು. ಅವನು ಒಪ್ಪಿದ. ತನ್ನಲ್ಲೂ ಬಿಳಿ ಕಾಲಿನ ಕುದುರೆ ಮುಟ್ಟದ ಗಿರಾಕಿಗಳಿದ್ದಾರೆ ಎಂದನಂತೆ. ಎರಡು ದಿನ ಅರವತ್ತನ್ನೂ ನೋಡಿದೆ. ಈ ಸಲ ಮೊದಲು ಕಾಲು, ಆಮೇಲೆ ಉಸಿರು, ಕಡೆಗೆ ಸುಳಿ. ಕಾಲೂ ಗಟ್ಟಿ, ಸುಳಿಯೂ ಶುದ್ಧ ಇರುವವು ಹದಿನೇಳು ಸಿಕ್ಕವು.

ಇನ್ನು ಮೂರು ಬೇಕು. ಸುಳಿ ಶುದ್ಧವಿದ್ದ ಕುದುರೆಗಳು ಇನ್ನೂ ಇದ್ದವು, ಆದರೆ ಅವುಗಳ ಹಿಂಗಾಲಿನ ಕೀಲಿನಲ್ಲಿ ಮೆತ್ತನೆಯ ಬಾವು. ಒಂದು ವರ್ಷ ಯಾರಿಗೂ ತಿಳಿಯದು, ಎರಡನೆಯ ವರ್ಷ ಕುಂಟುತ್ತವೆ. ಅವನ್ನು ಒಯ್ದರೆ ಸಂಸ್ಥಾನದವರು ಕಣ್ಣು ಮುಚ್ಚಿ ಒಪ್ಪುತ್ತಾರೆ, ಸಾವ್ಕಾರರ ಮಾನ ಉಳಿಯುತ್ತದೆ, ನನ್ನ ಜಾಗ ಉಳಿಯುತ್ತದೆ. ಹಿಂದಿನ ನಾನಾಗಿದ್ದರೆ ಆ ಕಾಲು ಮುಟ್ಟಿಯೂ ಒಯ್ಯುತ್ತಿದ್ದೆ. ಆ ಬಾವನ್ನು ಇನ್ನೊಮ್ಮೆ ಒತ್ತಿ ನೋಡಿದೆ. ಆಮೇಲೆ ಕಬ್ಬಿಣದಂಥ ಕಾಲಿನ ಮೂರನ್ನು ಹೊರಗೆ ತೆಗೆಸಿದೆ. ಒಂದರ ತೊಡೆಯ ಮೇಲೆ ಸುಳಿ, ಇನ್ನೊಂದರ ಹಣೆಯ ಮೇಲೆ ಜೋಡಿ ಸುಳಿ, ಮೂರನೆಯದಕ್ಕೆ ಕಣ್ಣೀರ ಸುಳಿ.

"ಮಾಮಾ, ಊರಾಗ ನಿನ್ನ ಸುಲೀತಾರ," ಎಂದ ಬಿ.ಎ.

"ಸುಲೀಲಿ. ಕುಂಟ ಕುದುರಿ ಮ್ಯಾಲ ಯಾರನ್ನರ ಕುಂದರಿಸಿ ನಾ ಉಣ್ಣಂಗಿಲ್ಲ."

ಸ್ಟೇಶನ್‌ನಲ್ಲಿ ಮುದುಕ ಟೊಪ್ಪಿಗೆ ತೆಗೆದು ಕೈ ಚಾಚಿದ. ನಾನು ಎರಡೂ ಕೈಯಲ್ಲಿ ಆ ಕೈ ಹಿಡಿದೆ. ಚಕ್ಕಳದಂತೆ ಒರಟಾದ ಕೈ, ನನ್ನದೇ ಕೈಯಂತೆ.

ಇಪ್ಪತ್ತೂ ಕುದುರೆಗಳನ್ನು ಹಡಗಿನಲ್ಲಿ ನಿಂತೇ ಕಾಯ್ದು ಜೀವಂತ ತಂದೆ. ವಿಜಾಪುರಕ್ಕೆ ಸಂಸ್ಥಾನದ ಲಾಯದ ಅಧಿಕಾರಿ ಬಂದು ನೋಡಿದರು. ಹದಿನೇಳನ್ನು ನೋಡಿ, ಇಂಥ ಕುದುರೆ ತಮ್ಮ ಲಾಯದಲ್ಲಿ ಇದುವರೆಗೆ ನಿಂತಿಲ್ಲ ಎಂದರು. ಉಳಿದ ಮೂರನ್ನು ನಾನೇ ಮುಂದೆ ತಂದು, ಇವುಗಳ ಸುಳಿ ಹೀಗಿದೆ ಎಂದು ತೋರಿಸಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಹದಿನೇಳನ್ನಷ್ಟೇ ಹೊಡೆದುಕೊಂಡು ಹೋದರು.

ಎಲ್ಲರೂ ಹೋದ ಮೇಲೆ ಸಾವ್ಕಾರರು ನನ್ನನ್ನು ಕರೆದು ಕೇಳಿದರು. "ಸುಳಿ ನೋಡ್ಲಿಲ್ಲೇನೋ?"

"ನೋಡೀನ್ರಿ."

"ಮತ್ತ ಯಾಕ ತಂದಿ?"

"ಕಾಲು ನೋಡಿ ತಂದೀನ್ರಿ. ಸುಳಿ ಶುದ್ಧ ಇದ್ದವು ಅದಾವ್ರಿ ಅಲ್ಲಿ, ಕಾಲು ಹುಳುಕು. ಬೇಕಂತಲೇ ಬಿಟ್ಟು ಬಂದೀನ್ರಿ."

ಅವರು ಆ ಕುದುರೆಗಳ ಸುತ್ತ ಒಂದು ಸಲ ನಡೆದು ನೋಡಿದರು. ಕುದುರೆ ಬಲ್ಲವರೇ ಅವರೂ. ಕಾಲು ಅವರಿಗೂ ಕಾಣುತ್ತಿತ್ತು. "ಹದಿನೇಳು ಹಂಗ ಯಾರೂ ತರತಿದ್ದಿಲ್ಲ. ಅದು ಬ್ಯಾರೆ ಮಾತು. ಈ ಮೂರು ನನ್ನ ಲಾಯದಾಗ ನಿಂದ್ರಂಗಿಲ್ಲ. ಸಣ್ಣ ಕೂಸು ಇರೂ ಮನಿ ನಂದು. ಬಂದ ಬೆಲಿಗೆ ಸಂತಿಯಾಗ ಹೊಡದು ನೀ ಕೆಲಸಕ್ಕ ನಿಂದ್ರು. ಇಲ್ಲಾ, ನಿನ್ನ ಇನಾಮು ಅಂತ ನೀನ ಒಯ್ಯಿ. ಒಯ್ದ್ರ ನೀನೂ ಅವುಗಳ ಕೂಡ ಹೋಗು."

ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಮೂರೂ ಹಗ್ಗ ಒಂದೇ ಕೈಯಲ್ಲಿ ಹಿಡಿದು ಹೊರಗೆ ಬಂದೆ. ಇಪ್ಪತ್ತು ವರ್ಷ ಗುಡಿಸಿದ ಅಂಗಳ. ಗೇಟು ದಾಟಿ, ರೂಢಿಯಂತೆ ತಿರುಗಿ ಅಗಳಿ ಹಾಕಿದೆ. ಪೇಟೆಯಲ್ಲಿ ಟಾಂಗಾದವರೆಲ್ಲ ಚಾಟಿ ಕೆಳಗಿಟ್ಟು ನೋಡಿದರು. ಅಂಥ ಎತ್ತರದ ಕುದುರೆ ಬಜಾರಿನಲ್ಲಿ ನಡೆದದ್ದು ಅಪರೂಪ.

"ಯಪ್ಪಾ, ಏನ್ ಕುದುರಿ!" ಎಂದ ಒಬ್ಬ. ಇನ್ನೊಬ್ಬ ಹತ್ತಿರ ಬಂದು, "ಲೇ, ಇದಕ್ಕ ಕಣ್ಣೀರ ಸುಳಿ ಐತಲ್ಲೋ!" ಎಂದ.

"ಐತಿ. ಚಂದಗ ನೋಡ್ಕೋ," ಎಂದು ಮುಂದೆ ನಡೆದೆ.

ತೊರವಿಯ ದಾರಿಯಲ್ಲಿ ನಾವು ಬಾಡಿಗೆಗಿದ್ದ ಮನೆ. ಹೊಸ ದನ ಕರು ಬಂದರೆ ಹೊಸ್ತಿಲಲ್ಲಿ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಹಚ್ಚಿ ಒಳಗೆ ಕರೆದುಕೊಳ್ಳುವುದು ಪದ್ಧತಿ. ನನ್ನ ಹೆಂಡತಿ ನೀರಿನ ತಂಬಿಗೆ, ಕುಂಕುಮದ ಬಟ್ಟಲು ಹಿಡಿದು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಕಣ್ಣೀರ ಸುಳಿ ಯಾವುದೆಂದು ಆಕೆಗೆ ನಾನೇ ಹಿಂದೆ ಎಷ್ಟೋ ಸಲ ಹೇಳಿದ್ದೆ. ಕೆಲಸ ಹೋಯಿತೆಂದು ಹೇಳಿದೆ. ಯಾಕೆ ಹೋಯಿತೆಂದೂ ಹೇಳಿದೆ. ಆ ಹೆಣ್ಣುಕುದುರೆಯ ವಿಷಯ, ಸೂರ್ಯನ ವಿಷಯ, ಬಾಗಿಲಲ್ಲಿ ನಿಂತೇ ಹೇಳಿದೆ. ಆಕೆ ನನ್ನನ್ನು ನೋಡಲಿಲ್ಲ, ಕಣ್ಣೀರ ಸುಳಿಯ ಕುದುರೆಯನ್ನೇ ನೋಡುತ್ತಿದ್ದಳು.

"ಒದೀತೈತೇನು?" ಎಂದು ಕೇಳಿದಳು ಕೊನೆಗೆ.

"ಇಲ್ಲ."

"ಹಂಗಾರ ಅಂಜೂದೇನೈತಿ," ಎಂದು ಮುಂದೆ ಬಂದು ಅದರ ಕಾಲಿಗೆ ನೀರು ಹಾಕಿದಳು. ಹಣೆ ಎಟುಕಲಿಲ್ಲ. ನಾನು ಹಗ್ಗ ಜಗ್ಗಿ ತಲೆ ಬಗ್ಗಿಸಿದೆ. ಅದು ಬಗ್ಗಿದ್ದೇ ತಂಬಿಗೆಯೊಳಗೆ ಮೂತಿ ತುರುಕಲು ನೋಡಿತು. ಮೂತಿ ಹಿಡಿಸಲಿಲ್ಲ, ನೀರೆಲ್ಲ ಆಕೆಯ ಸೀರೆಯ ಮೇಲೆ ಚೆಲ್ಲಿತು. "ಬಾಡ್ಯಾ!" ಎಂದು ಬೈದು, ನಗುತ್ತ, ಆಕೆ ಒದ್ದೆ ಕೈಯಲ್ಲೇ ಅದಕ್ಕೆ ಕುಂಕುಮ ಹಚ್ಚಿದಳು.